ಕೊಡಲಿ ಎತ್ತಿದವನಿಗೆ ಗಲ್ಲು ಕಾಣುತ್ತದೆಯೇ?

ಸುತ್ತಲಿನ ಯಾವ ಊರಲ್ಲಾದರೂ ಕೊಲೆಯಾದ ಮರುದಿನ ಇಜೇರಿಯ ಚಹಾದಂಗಡಿಗಳಲ್ಲಿ ಒಂದೇ ಮಾತು. ‘ಇಂಥವರಿಗಿ ಗಲ್ಲಿಗೇರಸಬೇಕ್ರಿ. ಒಬ್ಬನ್ನ ನೇಣಿಗಿ ಹಾಕದ್ರ ಹತ್ತು ಮಂದಿ ಅಂಜತಾರ.’ ಈ ಮಾತನ್ನಾಡುವವರು ಕಲ್ಲೆದೆಯವರಲ್ಲ. ಸತ್ತವರ ಮನೆಯ ಗೋಳನ್ನು ಕಣ್ಣಾರೆ ಕಂಡವರು, ಶವಪರೀಕ್ಷೆ ಮುಗಿಯುವ ತನಕ ಆಸ್ಪತ್ರೆಯ ಮುಂದೆ ಉಪವಾಸ ಕೂತವರು. ಅವರ ಸಿಟ್ಟಿಗೆ ಕಾರಣವಿದೆ, ಅದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಆ ಮಾತಿನ ಎರಡನೆಯ ಅರ್ಧವನ್ನು ಬಿಡಿಸಿ ನೋಡಬೇಕು. ಒಬ್ಬನನ್ನು ಗಲ್ಲಿಗೆ ಹಾಕಿದರೆ ಹತ್ತು ಮಂದಿ ನಿಜಕ್ಕೂ ಅಂಜುತ್ತಾರೆಯೇ?

ಇದನ್ನು ಪರೀಕ್ಷಿಸಲು ನಮ್ಮ ಜೇವರ್ಗಿ ತಾಲೂಕಿನದೇ ಒಂದು ಪ್ರಕರಣವಿದೆ. ಕಾನೂನು ಓದುವ ಹುಡುಗರಿಗೆ ಅದು ‘ಸಾಯಿಬಣ್ಣ ವಿರುದ್ಧ ಕರ್ನಾಟಕ ರಾಜ್ಯ’, 2005. ಮಂದೇವಾಲದವನಾದ ಸಾಯಿಬಣ್ಣ 1988ರಲ್ಲಿ ತನ್ನ ಹೆಂಡತಿಯನ್ನು ಕೊಂದ. ಶೀಲದ ಮೇಲೆ ಸಂಶಯ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಜೀವ ತೆಗೆದದ್ದು ಈ ಒಂದೇ ಪದ. ವಿಚಾರಣೆ ನಡೆಯುತ್ತಿದ್ದಾಗ ಜಾಮೀನಿನ ಮೇಲೆ ಹೊರಬಂದು ಇನ್ನೊಂದು ಮದುವೆಯಾದ, ಒಂದು ಹೆಣ್ಣು ಕೂಸೂ ಹುಟ್ಟಿತು. 1993ರ ಫೆಬ್ರುವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. 1994ರ ಆಗಸ್ಟ್‌ನಲ್ಲಿ ಒಂದು ತಿಂಗಳ ಪೆರೋಲ್ ಸಿಕ್ಕಿತು. ಸೆಪ್ಟೆಂಬರ್‌ನ ಒಂದು ರಾತ್ರಿ ಎರಡನೆಯ ಹೆಂಡತಿಯನ್ನೂ ಆ ಪುಟ್ಟ ಮಗಳನ್ನೂ ಕೊಂದುಬಿಟ್ಟ. ಕಾರಣ ಮತ್ತೆ ಅದೇ ಸಂಶಯ.

ಕೆಳ ನ್ಯಾಯಾಲಯ ಅವನಿಗೆ ಗಲ್ಲು ವಿಧಿಸಿದ್ದು 2003ರ ಜನವರಿಯಲ್ಲಿ. ಕೊಲೆಗೂ ತೀರ್ಪಿಗೂ ನಡುವೆ ಎಂಟು ವರ್ಷಕ್ಕಿಂತ ಹೆಚ್ಚು. 2005ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿಯನ್ನು ರಾಷ್ಟ್ರಪತಿಗಳು ತಿರಸ್ಕರಿಸಿದ್ದು 2013ರ ಜನವರಿಯಲ್ಲಿ, ಅಂದರೆ ಏಳು ವರ್ಷ ಎಂಟು ತಿಂಗಳ ಮೇಲೆ. ಕೊನೆಗೆ 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಈ ವಿಳಂಬವನ್ನೂ ಬೆಳಗಾವಿಯ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿ ಇಟ್ಟಿದ್ದನ್ನೂ ಗಣನೆಗೆ ತೆಗೆದುಕೊಂಡು ಗಲ್ಲನ್ನು ಜೀವಾವಧಿಗೆ ಇಳಿಸಿತು. ತಾಯಿ, ಮಗು ಸತ್ತು ಅಷ್ಟೊತ್ತಿಗೆ 29 ವರ್ಷ ಕಳೆದಿದ್ದವು.

ಗಲ್ಲಿನ ಪರವಾಗಿ ಮಾತಾಡುವವರು ಇದೇ ಪ್ರಕರಣವನ್ನು ನನ್ನ ಎದುರಿಗೆ ಇಡಬಹುದು. ‘1988ರಲ್ಲೇ ಅವನನ್ನು ಗಲ್ಲಿಗೇರಿಸಿದ್ದರೆ ಇನ್ನೆರಡು ಜೀವ ಉಳಿಯುತ್ತಿದ್ದವಲ್ಲ?’ ನ್ಯಾಯವಾದ ಪ್ರಶ್ನೆ. ಗಲ್ಲಿನ ಪರ ಇರುವ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ನನಗೆ ಗೊತ್ತಿಲ್ಲ. ಆದರೆ ಇದು ಅಂಜಿಕೆಯ ವಾದವಲ್ಲ ಎಂಬುದನ್ನು ಗಮನಿಸಬೇಕು. ಕೊಂದವನು ಮತ್ತೆ ಕೊಲ್ಲದಂತೆ ಕಟ್ಟಿಹಾಕುವ ಮಾತಿದು. ಆ ಕೆಲಸಕ್ಕೆ ಜೈಲಿನ ಬಾಗಿಲು ಸಾಕು. 1994ರ ಆಗಸ್ಟ್‌ನಲ್ಲಿ ಆ ಬಾಗಿಲು ತೆರೆಯಿತು, ಅನಾಹುತ ಅಲ್ಲಿಂದಲೇ ಶುರುವಾಯಿತು. ಈ ಬಾಗಿಲಿನ ವಿಷಯಕ್ಕೆ ನಾನು ಮತ್ತೆ ಬರುತ್ತೇನೆ.

ಈಗ ಅಂಜಿಕೆಯ ಲೆಕ್ಕ ನೋಡೋಣ. ಸಾಯಿಬಣ್ಣ ಜೈಲು ಎಂದರೇನು ಎಂದು ಕೇಳಿ ತಿಳಿದವನಲ್ಲ, ಉಂಡು ತಿಳಿದವನು. ಕೊಲೆ ಮಾಡಿದರೆ ಪೊಲೀಸರು ಹಿಡಿಯುತ್ತಾರೆ, ಕೋರ್ಟು ಶಿಕ್ಷೆ ಕೊಡುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಗೊತ್ತಿದ್ದವರು ತಾಲೂಕಿನಲ್ಲಿ ವಿರಳ. ಆದರೂ ಕೈ ತಡೆಯಲಿಲ್ಲ. ಸಂಶಯ ನೆತ್ತಿಗೇರಿದವನು, ಹೊಲದ ಬದುವಿಗಾಗಿ ಅಣ್ಣನ ಮೇಲೆ ಕೊಡಲಿ ಎತ್ತಿದವನು, ಕುಡಿದ ಮತ್ತಿನಲ್ಲಿ ಗೆಳೆಯನ ತಲೆಗೆ ಕಲ್ಲು ಹಾಕಿದವನು ದಂಡಸಂಹಿತೆಯ ಕಲಂ ಎಣಿಸುತ್ತಾ ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಅವನಿಗೆ ನಾಳೆ ಎಂಬುದೇ ಇರುವುದಿಲ್ಲ. ಇನ್ನು ತಣ್ಣಗೆ ಯೋಚಿಸಿ, ಸುಪಾರಿ ಕೊಟ್ಟು ಕೊಲೆ ಮಾಡಿಸಿ ಹೆಣ ಹೂಳುವವನು ಇದ್ದಾನೆ. ಅವನಿಗೆ ನಾಳೆ ಇರುತ್ತದೆ, ಆದರೆ ಆ ನಾಳೆಯಲ್ಲಿ ಅವನು ಸಿಕ್ಕಿಬೀಳುವುದಿಲ್ಲ. ಸಿಕ್ಕಿಬೀಳುವುದೇ ಇಲ್ಲ ಎಂದು ನಂಬಿದವನಿಗೆ ಹತ್ತು ವರ್ಷವೂ ಒಂದೇ, ಗಲ್ಲೂ ಒಂದೇ.

ನಮ್ಮಲ್ಲಿ ಕೊಲೆಗಳು ಯಾಕೆ ಆಗುತ್ತವೆ ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಲೆಕ್ಕ ಕೊಡುತ್ತದೆ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ, ತಂಟೆ, ತಕರಾರು. 3,761ಕ್ಕೆ ಹಳೆಯ ದ್ವೇಷ. ಲಾಭಕ್ಕಾಗಿ ಮಾಡಿದ ಕೊಲೆಗಳು 1,884. ಲಾಭ ನಷ್ಟ ತೂಗಿ ನೋಡುವ ಕೊಲೆಗಾರರು ಈ ರಾಶಿಯಲ್ಲಿ ಎಷ್ಟು ಸಣ್ಣ ಗುಂಪು ನೋಡಿ. ಗಲ್ಲಿನ ಭಯ ಕೆಲಸ ಮಾಡಬೇಕಾದರೆ ಇವರ ಮೇಲೇ ಮಾಡಬೇಕು. ಉಳಿದವರು ಅದರ ಅಳವಿಗೆ ಸಿಗುವವರಲ್ಲ.

ಭಯ ಹುಟ್ಟಿಸುವುದಕ್ಕೆಂದೇ ನಮ್ಮ ಕಾನೂನಿನಲ್ಲಿ ಒಂದು ಕಲಂ ಇತ್ತು. ಭಾರತೀಯ ದಂಡಸಂಹಿತೆಯ 303ನೆಯ ಕಲಂ. ಜೀವಾವಧಿ ಶಿಕ್ಷೆಯಲ್ಲಿರುವವನು ಮತ್ತೆ ಕೊಲೆ ಮಾಡಿದರೆ ಗಲ್ಲು ಕಡ್ಡಾಯ, ನ್ಯಾಯಾಧೀಶರಿಗೆ ಬೇರೆ ದಾರಿಯೇ ಇಲ್ಲ ಎಂದು ಅದು ಹೇಳುತ್ತಿತ್ತು. ಕಳೆದುಕೊಳ್ಳಲು ಏನೂ ಉಳಿದಿಲ್ಲದ ಕೈದಿ ಜೈಲಿನ ಸಿಬ್ಬಂದಿಯ ಮೇಲೆ ಬೀಳದಿರಲಿ ಎಂಬುದು ಮೂಲ ಉದ್ದೇಶ. 1983ರಲ್ಲಿ ‘ಮಿಠ್ಠು’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ಅಸಾಂವಿಧಾನಿಕವೆಂದು ತೆಗೆದುಹಾಕಿತು. ಜೀವಾವಧಿ ಕೈದಿಯಾದರೇನು, ಅವನ ಅಪರಾಧದ ಸಂದರ್ಭವನ್ನು ಪ್ರತ್ಯೇಕವಾಗಿ ತೂಗಲೇಬೇಕು ಎಂದಿತು. ಅದಾಗಿ 22 ವರ್ಷಕ್ಕೆ ಸಾಯಿಬಣ್ಣನ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಜೀವಾವಧಿಯ ಮೇಲೆ ಮತ್ತೊಂದು ಜೀವಾವಧಿ ಕೊಡಲು ಬರುವುದಿಲ್ಲ ಎಂಬ ತರ್ಕ ಹೂಡಿತು. ಮುಂಬಾಗಿಲಿನಿಂದ ಹೊರಹಾಕಿದ ಕಲಂ ಹಿತ್ತಲಿನಿಂದ ಒಳಬಂದಂತಾಯಿತು ಎಂದೇ ನನ್ನ ಅಭಿಪ್ರಾಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಈ ಗೊಂದಲವನ್ನು ಬಿಡಿಸಿದೆ: ಅಂಥವನಿಗೆ ಗಲ್ಲು, ಇಲ್ಲವೇ ಉಸಿರಿರುವ ತನಕ ಜೈಲು.

ಇನ್ನು ಅಂಕಿಅಂಶಗಳ ಮಾತು. 1975ರಲ್ಲಿ ಐಸಾಕ್ ಎರ್ಲಿಕ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ, ಒಂದೊಂದು ಗಲ್ಲು ಏಳೆಂಟು ಕೊಲೆಗಳನ್ನು ತಡೆಯುತ್ತದೆ ಎಂದು ಲೆಕ್ಕ ಹಾಕಿ ಲೇಖನ ಬರೆದರು. ನಮ್ಮ ಚಹಾದಂಗಡಿಯ ‘ಹತ್ತು ಮಂದಿ’ಗೆ ಬಹಳ ಹತ್ತಿರದ ಸಂಖ್ಯೆ. ಅಮೆರಿಕದ ಸರ್ಕಾರಿ ವಕೀಲರು ಅದನ್ನು ಸುಪ್ರೀಂ ಕೋರ್ಟಿನ ಮುಂದೂ ಇಟ್ಟರು. ಬೇರೆ ವಿದ್ವಾಂಸರು ಅದೇ ಲೆಕ್ಕವನ್ನು ಮರಳಿ ಮಾಡಿ ನೋಡಿದಾಗ, 1962ರ ನಂತರದ ಕೆಲವೇ ವರ್ಷಗಳ ಅಂಕಿಗಳನ್ನು ತೆಗೆದರೆ ಆ ಪರಿಣಾಮ ಮಾಯವಾಗುತ್ತಿತ್ತು. ಆ ಮೇಲೆ ಹತ್ತಾರು ಅಧ್ಯಯನಗಳು ಬಂದವು; ಕೆಲವು ಹೌದೆಂದವು, ಕೆಲವು ಇಲ್ಲವೆಂದವು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಎಲ್ಲವನ್ನೂ ಒಟ್ಟಿಗೆ ತೂಗಿತು. ಗಲ್ಲು ಕೊಲೆಯನ್ನು ಕಡಿಮೆ ಮಾಡುತ್ತದೋ, ಹೆಚ್ಚಿಸುತ್ತದೋ, ಏನೂ ಮಾಡುವುದಿಲ್ಲವೋ ಎಂಬುದನ್ನು ಈ ಅಧ್ಯಯನಗಳಿಂದ ಹೇಳಲಾಗದು, ಆದ್ದರಿಂದ ಕಾನೂನು ಮಾಡುವಾಗ ಇವುಗಳನ್ನು ಆಧಾರವಾಗಿ ಬಳಸಬೇಡಿ ಎಂಬುದು ಅದರ ನಿರ್ಣಯ. ಒಬ್ಬನ ಜೀವ ತೆಗೆಯಲು ಅಂಜಿಕೆಯನ್ನು ಕಾರಣವಾಗಿ ಕೊಡುವ ಸರ್ಕಾರ ಆ ಅಂಜಿಕೆ ಹುಟ್ಟುತ್ತದೆ ಎಂದು ತೋರಿಸಿಕೊಡಬೇಕು. ಐವತ್ತು ವರ್ಷ ಹುಡುಕಿದರೂ ಅದು ತೋರಲಿಲ್ಲ.

ಅಕ್ಕಪಕ್ಕದ ಎರಡು ಊರುಗಳನ್ನು ಹೋಲಿಸಿದಂತೆ ಹಾಂಗ್‌ಕಾಂಗ್ ಮತ್ತು ಸಿಂಗಪುರವನ್ನು ಹೋಲಿಸಿದವರಿದ್ದಾರೆ. ಎರಡೂ ಕಡಲ ದಂಡೆಯ ಶ್ರೀಮಂತ ನಗರಗಳು. ಹಾಂಗ್‌ಕಾಂಗ್‌ನಲ್ಲಿ 1966ರ ನಂತರ ಒಬ್ಬನನ್ನೂ ನೇಣಿಗೆ ಹಾಕಿಲ್ಲ. ಸಿಂಗಪುರ 1990ರ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗಲ್ಲು ಶಿಕ್ಷೆ ಜಾರಿ ಮಾಡಿದ ಜಾಗಗಳಲ್ಲಿ ಒಂದು. ಕೊಲೆಗಳ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಇಳಿಯಿತು. ಕೆನಡಾ 1976ರಲ್ಲಿ ಗಲ್ಲು ತೆಗೆದುಹಾಕಿದಾಗ ಅಲ್ಲಿ ಲಕ್ಷ ಜನರಿಗೆ ಮೂರರ ಆಸುಪಾಸು ಕೊಲೆಗಳಾಗುತ್ತಿದ್ದವು. ಈಗ ಎರಡರ ಆಸುಪಾಸು.

ಅಷ್ಟು ದೂರ ಹೋಗುವುದೂ ಬೇಡ. ಕೇರಳದ ದಕ್ಷಿಣ ಭಾಗವಾದ ತಿರುವಾಂಕೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯದ ಆಚೀಚೆ ಕೆಲವು ವರ್ಷ ಗಲ್ಲು ಇರಲಿಲ್ಲ. 1980ರ ‘ಬಚನ್ ಸಿಂಗ್’ ಪ್ರಕರಣದಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಗಲ್ಲನ್ನು ಉಳಿಸಿಕೊಂಡು, ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಅದು ಸಲ್ಲಬೇಕು ಎಂದರು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿ ಈ ತಿರುವಾಂಕೂರಿನ ಲೆಕ್ಕವನ್ನು ಎತ್ತಿ ತೋರಿಸಿದ್ದರು. ಗಲ್ಲು ಇಲ್ಲದ 1945ರಿಂದ 1950ರ ಅವಧಿಯಲ್ಲಿ 962 ಕೊಲೆಗಳು. ಗಲ್ಲು ಮರಳಿ ಬಂದ 1950ರಿಂದ 1955ರ ಅವಧಿಯಲ್ಲಿ 967.

ಇಡೀ ದೇಶದ ಚಿತ್ರವೂ ಬೇರೆಯಿಲ್ಲ. 1992ರಲ್ಲಿ ಭಾರತದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಕೊಲೆಗಳಾಗಿದ್ದವು, ಲಕ್ಷ ಜನಕ್ಕೆ ನಾಲ್ಕೂವರೆ. ಆ ನಂತರ ಜನಸಂಖ್ಯೆ ಐವತ್ತು ಕೋಟಿಯಷ್ಟು ಬೆಳೆಯಿತು, ಕೊಲೆಗಳು ಮಾತ್ರ ಇಳಿದವು. 2022ರಲ್ಲಿ ಲಕ್ಷಕ್ಕೆ ಎರಡರ ಸಮೀಪ. ಇದೇ ಅವಧಿಯಲ್ಲಿ ಗಲ್ಲು ಅಪರೂಪವಾಗುತ್ತ ಬಂತು. 2000ದಿಂದ ಈಚೆಗೆ ನೇಣಿಗೇರಿದವರು ಎಂಟೇ ಜನ: 2004ರಲ್ಲಿ ಧನಂಜಯ ಚಟರ್ಜಿ, 2012ರಲ್ಲಿ ಕಸಬ್, 2013ರಲ್ಲಿ ಅಫ್ಜಲ್ ಗುರು, 2015ರಲ್ಲಿ ಯಾಕೂಬ್ ಮೆಮನ್, 2020ರ ಮಾರ್ಚ್ 20ರಂದು ದೆಹಲಿಯ ಅತ್ಯಾಚಾರ ಪ್ರಕರಣದ ನಾಲ್ವರು. ಗಲ್ಲು ಕಡಿಮೆಯಾದದ್ದರಿಂದಲೇ ಕೊಲೆ ಕಡಿಮೆಯಾಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಎರ್ಲಿಕ್ ಮಾಡಿದ ತಪ್ಪನ್ನೇ ತಿರುವುಹಾಕಿ ಮಾಡಿದಂತೆ. ಹಗ್ಗ ಅಟ್ಟದ ಮೇಲಿದ್ದಾಗಲೂ ಕೊಲೆಗಳು ಇಳಿಯಬಲ್ಲವು, ಅದಕ್ಕೆ ಬೇರೆ ಕಾರಣಗಳಿವೆ ಎಂಬುದಷ್ಟೇ ನನ್ನ ಮಾತು.

ಕರ್ನಾಟಕದ ಹಗ್ಗವಂತೂ ಅಟ್ಟ ಸೇರಿ ನಾಲ್ಕು ದಶಕ ದಾಟಿದೆ. ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಕೊನೆಯ ಬಾರಿ ಒಬ್ಬನನ್ನು ನೇಣಿಗೆ ಹಾಕಿದ್ದು 1983ರಲ್ಲಿ. ಅದಾದ ಮೇಲೆ ಅನೇಕರು ಆ ಕಂಬದ ನೆರಳಿನಲ್ಲಿ ಕೂತು ಹೋಗಿದ್ದಾರೆ. 1993ರಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದ ಪ್ರಕರಣದ ನಾಲ್ವರ ಕ್ಷಮಾದಾನ 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾದಾಗ, ಇಂದೋ ನಾಳೆಯೋ ಎಂದು ಪತ್ರಕರ್ತರು ಹಿಂಡಲಗಾದ ಗೇಟಿನ ಮುಂದೆ ಕಾದರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಒಂದೇ ತೀರ್ಪಿನಲ್ಲಿ ದೇಶದ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಆ ನಾಲ್ವರೂ ಅದರಲ್ಲಿದ್ದರು, 1994ರ ವಾಮಂಜೂರು ಕೊಲೆಗಳ ಅಪರಾಧಿಯೂ ಇದ್ದ. ಸರಣಿ ಅಪರಾಧಗಳಿಂದ ಬೆಂಗಳೂರನ್ನು ನಡುಗಿಸಿದ ಉಮೇಶ್ ರೆಡ್ಡಿಗೆ 2006ರಲ್ಲಿ ಗಲ್ಲಾಯಿತು. ಕ್ಷಮಾದಾನದ ದಾರಿ ಇನ್ನೂ ಮುಗಿಯದಿರುವಾಗಲೇ ಏಕಾಂತ ಸೆರೆಯಲ್ಲಿ ಇಟ್ಟದ್ದು ಕಾನೂನುಬಾಹಿರ ಎಂದು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಕೆಳ ನ್ಯಾಯಾಲಯ ಕೊಟ್ಟ ಗಲ್ಲುಗಳಲ್ಲಿ ಮೇಲಿನ ಕೋರ್ಟುಗಳ ಜರಡಿ ದಾಟಿ ಉಳಿಯುವುದು ನೂರಕ್ಕೆ ಸುಮಾರು ಐದು ಎಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ವರದಿ ತೋರಿಸಿತು. ಗಲ್ಲಿನ ಕೈದಿಗಳಲ್ಲಿ ನೂರಕ್ಕೆ 74 ಮಂದಿ ಬಡವರು ಎಂಬುದೂ ಅದೇ ವರದಿಯಲ್ಲಿದೆ.

2015ರಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 262ನೆಯ ವರದಿಯಲ್ಲಿ, ಜೀವಾವಧಿಗಿಂತ ಗಲ್ಲು ಹೆಚ್ಚು ಅಂಜಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣ ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ಬೇಡವೆಂದಿತು. 1967ರಲ್ಲಿ ಇದೇ ಆಯೋಗ ಗಲ್ಲು ಬೇಕು ಎಂದಿತ್ತು. ನಡುವಿನ ಅರ್ಧ ಶತಮಾನದ ಅನುಭವ ಆ ಅಭಿಪ್ರಾಯವನ್ನು ಬದಲಿಸಿತು.

ಇಲ್ಲಿ ನಮ್ಮ ಜಿಲ್ಲೆಯ ಒಬ್ಬ ಹಿರಿಯನನ್ನು ನೆನೆಯದೆ ಮುಂದೆ ಹೋಗಲಾರೆ. ಮರ್ತೂರಿನ ವಿಜ್ಞಾನೇಶ್ವರ. ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಶ್ರಯದಲ್ಲಿ ಕೂತು ‘ಮಿತಾಕ್ಷರಾ’ ಬರೆದ ಆತ ಟೀಕೆ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿ ದಂಡವನ್ನು ನಾಲ್ಕು ಮೆಟ್ಟಿಲಾಗಿ ಇಡುತ್ತದೆ: ಛೀ ಎನ್ನುವುದು, ಮಾತಿನಿಂದ ಗದರುವುದು, ಹಣದ ದಂಡ, ಕೊನೆಯಲ್ಲಿ ದೇಹದಂಡ. ಅಪರಾಧ, ದೇಶ, ಕಾಲ, ತಪ್ಪು ಮಾಡಿದವನ ವಯಸ್ಸು, ಶಕ್ತಿ, ಸ್ಥಿತಿ ಎಲ್ಲವನ್ನೂ ಅರಿತು ದಂಡ ವಿಧಿಸಬೇಕು ಎನ್ನುತ್ತದೆ. ರಾಜನ ಕತ್ತಿಗೆ ಅಡ್ಡಿಯೇ ಇಲ್ಲದ ಕಾಲದಲ್ಲೂ ದಂಡ ಎಂದರೆ ತೂಗುವ ಕೆಲಸ ಎಂಬ ಅರಿವು ನಮ್ಮ ನೆಲದ ಪಂಡಿತರಿಗಿತ್ತು.

ಹಾಗಾದರೆ ಕೊಲ್ಲುವ ಕೈಯನ್ನು ತಡೆಯುವುದು ಯಾವುದು? ಸಿಕ್ಕೇ ಸಿಗುತ್ತೇನೆ ಎಂಬ ಖಾತ್ರಿ. ಕೊಲೆ ಪ್ರಕರಣಗಳಲ್ಲಿ ವಿಚಾರಣೆ ಮುಗಿದವುಗಳಲ್ಲೂ ಶಿಕ್ಷೆಯಾಗುವುದು ಅರ್ಧಕ್ಕಿಂತ ಕಡಿಮೆ. ಸಾಕ್ಷಿ ತಿರುಗಿಬೀಳುತ್ತಾನೆ, ಪಂಚನಾಮೆ ಹಾಳೆಯಲ್ಲಿ ಒಂದು ರೀತಿ, ಕಟಕಟೆಯಲ್ಲಿ ಇನ್ನೊಂದು ರೀತಿ ಇರುತ್ತದೆ. ಹೀಗೆ ಬಿಡುಗಡೆಯಾಗಿ ಬಂದವನಿಗೆ ಊರಲ್ಲಿ ಹಾರ ಹಾಕುವುದನ್ನು ನೋಡಿದ ಹುಡುಗನಿಗೆ ಹಿಂಡಲಗಾದ ಗಲ್ಲುಗಂಬ ಯಾವ ಭಯ ಹುಟ್ಟಿಸೀತು? ಎರಡು ವರ್ಷದೊಳಗೆ ಖಚಿತವಾಗಿ ಬೀಳುವ ಜೀವಾವಧಿಗೆ ಇರುವ ಬಲ ಇಪ್ಪತ್ತು ವರ್ಷದ ಮೇಲೆ ಬರಬಹುದಾದ, ಬಾರದೆಯೂ ಇರಬಹುದಾದ ಗಲ್ಲಿಗೆ ಇಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಕೊಲೆಗೆ ಮೊದಲಿನ ದಿನಗಳು. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಇಡೀ ರಾಜ್ಯ ಬೀದಿಗಿಳಿದು ಗಲ್ಲು, ಗಲ್ಲು ಎಂದಿತು. ಆ ಕೂಗು ಕೇಳದವರು ಕರ್ನಾಟಕದಲ್ಲಿ ಯಾರೂ ಇರಲಿಲ್ಲ. ತಿಂಗಳು ತುಂಬುವ ಮೊದಲೇ, ಮೇ 15ರಂದು, ಅದೇ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಯುವತಿಯನ್ನು ಒಬ್ಬನು ಮನೆಗೇ ನುಗ್ಗಿ ಕೊಂದ. ಮೊದಲಿನ ಹುಡುಗಿಗೆ ಆದ ಗತಿಯೇ ನಿನಗೂ ಆಗುತ್ತದೆ ಎಂದು ಅವನು ಬೆದರಿಸಿದ್ದ, ಪೊಲೀಸರಿಗೆ ತಿಳಿಸಿದ್ದೆವು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಅತ್ತರು. ಕರ್ತವ್ಯಲೋಪದ ಆರೋಪದ ಮೇಲೆ ಪೊಲೀಸ್ ಸಿಬ್ಬಂದಿ ಅಮಾನತಾದರು. ಮನೆಯವರು ಹೇಳಿದ್ದು ನಿಜವಾದರೆ, ರಾಜ್ಯವೇ ಗಲ್ಲು ಕೇಳಿದ ಒಂದು ಕೊಲೆ ಇನ್ನೊಬ್ಬನಿಗೆ ಅಂಜಿಕೆ ಹುಟ್ಟಿಸುವ ಬದಲು ಬೆದರಿಕೆಯ ಮಾತಾಗಿ ಒದಗಿತು.

ಈಗ 1994ರ ಆ ಜೈಲಿನ ಬಾಗಿಲಿಗೆ ಮರಳುತ್ತೇನೆ. ಪೆರೋಲ್ ಬೇಡ ಎನ್ನುವವನು ನಾನಲ್ಲ. ತಾಯಿ ಸತ್ತಾಗ, ಮಗಳ ಮದುವೆಯಾದಾಗ, ಬಿತ್ತನೆಯ ಹೊತ್ತಿನಲ್ಲಿ ಕೈದಿ ಮನೆಗೆ ಬಂದು ಹೋಗುವುದು ಮನುಷ್ಯತ್ವದ ಏರ್ಪಾಡು. ಬಂದವರಲ್ಲಿ ಬಹುಪಾಲು ಜನ ಹೇಳಿದ ದಿನಕ್ಕೆ ಮರಳಿ ಹೋಗುತ್ತಾರೆ. ಆದರೆ ಸಂಶಯದಿಂದ ಒಬ್ಬ ಹೆಂಡತಿಯನ್ನು ಕೊಂದವನನ್ನು ಇನ್ನೊಬ್ಬ ಹೆಂಡತಿ ಇರುವ ಕಡೆಗೆ ಬಿಡುವಾಗ, ನಿನಗೆ ಭಯವಿದೆಯೇನಮ್ಮ ಎಂದು ಆಕೆಯನ್ನು ಕೇಳುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಆಕೆಯನ್ನು, ಗಂಡನ ಮನೆಯವರ ಎದುರಿಗಲ್ಲದೆ ಒಬ್ಬಳನ್ನೇ, ಮಹಿಳಾ ಪೊಲೀಸರು ಹೋಗಿ ಕೇಳಬೇಕು. ಬಿಡುಗಡೆಯ ದಿನ ಯಾವುದು ಎಂದು ತವರಿಗೂ ತಿಳಿಸಬೇಕು. ಆ ತಿಂಗಳು ಬೀಟ್ ಪೊಲೀಸ್ ಆ ಮನೆಯ ಕದ ತಟ್ಟಿ ಬರಬೇಕು. ಇದಕ್ಕೆ ಯಾವ ಹೊಸ ಕಾನೂನೂ ಬೇಡ, ಜೈಲಿನವರೂ ಠಾಣೆಯವರೂ ಮನಸ್ಸು ಮಾಡಿದರೆ ಸಾಕು. ಸಾಯಿಬಣ್ಣನನ್ನು ಗಲ್ಲಿಗೇರಿಸಬೇಕೋ ಬೇಡವೋ ಎಂದು ಮೂರು ಹಂತದ ನ್ಯಾಯಾಲಯಗಳು, ರಾಷ್ಟ್ರಪತಿ ಭವನ, ಮತ್ತೆ ಹೈಕೋರ್ಟು ಇಪ್ಪತ್ತು ವರ್ಷ ತಲೆಕೆಡಿಸಿಕೊಂಡವು. ಆ ತಾಯಿ ಮಗಳ ಜೀವ ಉಳಿಯಬಹುದಾಗಿದ್ದದ್ದು ಆ ಒಂದು ತಿಂಗಳಲ್ಲಿ.

ಇಜೇರಿ, ಮಂದೇವಾಲ, ಯಡ್ರಾಮಿ, ನೆಲೋಗಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದು ‘ಅಂವ ನನಗ ಜೀವಂತ ಬಿಡಂಗಿಲ್ಲ’ ಎಂದರೆ ಆ ಮಾತನ್ನು ನಂಬಿ. ಕಟ್ಟೆಯ ಮೇಲೆ ಕೂಡಿಸಿ, ರಾಜಿ ಮಾಡಿಸಿ, ಕುಪ್ಪಸದ ಖಣ ಕೊಟ್ಟು ಮರಳಿ ಕಳಿಸಬೇಡಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. ಆ ರಾತ್ರಿಯೇ ಕರೆ ಮಾಡಿ.